ಎಡಗಡೆಯ ದನಿ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ, ಸತ್ತಿದ್ದಾನೆಂದು ಮೂವತ್ತು ವರ್ಷದ ಹಿಂದೆ ನಾನೇ ಬರೆದುಕೊಟ್ಟಿದ್ದ ಮನುಷ್ಯ ನನ್ನ ಬಲಗಿವಿಯಲ್ಲಿ ಹಾಡತೊಡಗಿದ. ಕಾಫಿ ಲೋಟವನ್ನು ಮೇಜಿನ ಮೇಲಿಟ್ಟೆ ಎಂದುಕೊಂಡಿದ್ದೆ, ನೋಡಿದರೆ ಅದು ನೆಲದ ಮೇಲೆ ಉರುಳಿತ್ತು. ಹೆಡ್‌ಫೋನ್ ಕಿತ್ತು ದೂರ ಹಿಡಿದರೂ ಅದರೊಳಗಿಂದ ಸಣ್ಣಗೆ ಅವನ ದನಿ ಬರುತ್ತಲೇ ಇತ್ತು. ಧನಂಜಯ. ಪೇಪರ್ ಮಿಲ್ಲಿನ ಬಾಯ್ಲರ್ ವಿಭಾಗದ ಧನಂಜಯ. ನನ್ನ ಹೆಂಡತಿ ಕಾಂಚನಳ ಮೊದಲ ಗಂಡ.

ನಮ್ಮೂರಿನಲ್ಲಿ ಸತ್ತವರ ದನಿ ಉಳಿಯುವುದಿಲ್ಲ. ಮನುಷ್ಯ ಎಲ್ಲಿ ಹೋಗಿ ಸತ್ತರೂ ಸರಿ, ಅದೇ ಗಳಿಗೆಗೆ ನಮ್ಮೂರಿನ ಎಲ್ಲೆಯೊಳಗಿನ ಟೇಪು, ಗ್ರಾಮಫೋನ್ ತಟ್ಟೆ, ರೇಡಿಯೋಗಳಲ್ಲಿ ಅವನ ದನಿಯಿದ್ದಷ್ಟು ಜಾಗ ಖಾಲಿಯಾಗುತ್ತದೆ. ಹಿಂದೆ ಬಾರಿಸಿದ ವಾದ್ಯ ಇರುತ್ತದೆ, ಪಕ್ಕದಲ್ಲಿ ಪಾತ್ರೆ ಬಿದ್ದ ಸದ್ದು ಇರುತ್ತದೆ, ಅವನು ಮಾತ್ರ ಇರುವುದಿಲ್ಲ. ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳ ಹೆಸರು ಹೇಳುವ ಹೆಂಗಸಿನ ದನಿ ಬರದೆ ಬರೀ ಗಂಟೆ ಬಾರಿಸಿದಾಗ, ಅವಳ ಮುಖವನ್ನೇ ಕಾಣದ ಜನ ಕೈಚೀಲ ಕೆಳಗಿಟ್ಟು ಎರಡು ನಿಮಿಷ ಎದ್ದು ನಿಂತಿದ್ದರು. ಹಳೆಯ ಸಿನಿಮಾ ಹಾಡುಗಳೆಂದರೆ ನಮಗೆ ಬರೀ ಪಿಟೀಲು, ತಬಲ. ನಡುವಿನ ಜಾಗವನ್ನು ನಾವೇ ಹಾಡಿ ತುಂಬಿಸಿಕೊಳ್ಳುತ್ತೇವೆ, ಹಾಗಾಗಿ ನಮ್ಮೂರಲ್ಲಿ ಹಾಡು ಬಾರದವರು ಕಡಿಮೆ. ತೀರಾ ನೆನಪಾಗಿ ತಡೆಯಲಾಗದಿದ್ದರೆ ಹೊಳೆ ದಾಟಿ ಹೋಗಬೇಕು. ಸೇತುವೆಯಾಚೆಯ ಚಹದಂಗಡಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟಿದ್ದಾರೆ. ತಿಥಿಯ ದಿನ ಜನ ಅಲ್ಲಿ ಕೂತು ಅಪ್ಪನದೋ ಅಮ್ಮನದೋ ನಾಲ್ಕು ಮಾತು ಕೇಳಿ, ಕಣ್ಣೊರೆಸಿಕೊಂಡು, ಊಟದ ಹೊತ್ತಿಗೆ ವಾಪಸ್ಸು ಬರುತ್ತಾರೆ.

ಊರು ಬಿಟ್ಟು ಹೋಗಿ ಸುದ್ದಿಯಿಲ್ಲದವರು ಇದ್ದಾರೋ ಇಲ್ಲವೋ ತಿಳಿಯಬೇಕಾದರೆ ಅವರ ದನಿಯಿರುವ ಟೇಪು ಹಿಡಿದು ಕೇಳುವ ಕೋಣೆಗೆ ಬರಬೇಕು. ಪುರಸಭೆ ಕಟ್ಟಡದ ಹಿಂಭಾಗದ ಆ ಕೋಣೆಯಲ್ಲಿ ಕೇಳುವವನು ನಾನು. ಹೆಸರು ಈಶ್ವರಯ್ಯ, ಆದರೆ ಊರವರ ಬಾಯಲ್ಲಿ ‘ಕೇಳೋ ಮೇಷ್ಟ್ರು’. ಮನೆಯವರು ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ನಾನೊಬ್ಬನೇ ಬಾಗಿಲು ಹಾಕಿಕೊಂಡು, ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿ, ಹೊರಗೆ ಬಂದು, ಇದ್ದಾರೆ ಅಥವಾ ಇಲ್ಲ ಎಂದು ಚೀಟಿ ಬರೆದುಕೊಡುತ್ತೇನೆ. ಇಲ್ಲ ಎಂದಾದರೆ ಟೇಪಿಗೆ ಬಿಳಿ ದಾರ ಕಟ್ಟಿಕೊಡುತ್ತೇನೆ. ದಾರ ಬಿದ್ದದ್ದನ್ನು ಊರೊಳಗೆ ಮತ್ತೆ ಯಾರೂ ಹಾಕುವುದಿಲ್ಲ. ಸಿನಿಮಾ ಹಾಡುಗಾರರ ಖಾಲಿ ಜಾಗ ಬೇರೆ, ಮನೆಯ ಮಗನ ಖಾಲಿ ಜಾಗ ಬೇರೆ. ಕೆಲಸಕ್ಕೆ ಸೇರಿದ ದಿನ ಪುರಸಭೆಯ ಮೆಟ್ಟಿಲ ಮೇಲೆ ನಿಂತು ನಾನು ಪ್ರಮಾಣ ಮಾಡಿದ್ದೆ: ಕೇಳಿಸಿದ್ದನ್ನು ಕೇಳಿಸಿತೆಂದೂ, ಕೇಳಿಸದ್ದನ್ನು ಕೇಳಿಸಲಿಲ್ಲವೆಂದೂ ಹೇಳುತ್ತೇನೆ. ಮೂವತ್ತೈದು ವರ್ಷ ಅದನ್ನು ಅಕ್ಷರಶಃ ಪಾಲಿಸಿದ್ದೇನೆಂಬ ಜಂಬ ನನಗಿತ್ತು. ಮದುವೆ ಮನೆಗಳಲ್ಲಿ ನನಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕುತ್ತಿದ್ದರು, ನಾನೂ ಸಂಕೋಚವಿಲ್ಲದೆ ಕೂರುತ್ತಿದ್ದೆ.

ಬುಧವಾರ ಸಂಜೆ ಆ ಸಿಡಿ ತಂದುಕೊಟ್ಟವನು ಚೌರಪ್ಪ. ಈಗ ಮಿಲ್ಲಿನ ಕ್ಲಬ್ಬಿಗೆ ಕಾರ್ಯದರ್ಶಿ, ಒಂದು ಕಾಲದಲ್ಲಿ ಮಿಲ್ಲಿನ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು. ಆ ಬ್ಯಾಂಡಿನ ಹಾಡುಗಾರನೇ ಧನಂಜಯ. ಆಗಿನ ಹಿರಿಯರು ಅದನ್ನು ಹಾಡು ಅನ್ನುತ್ತಿರಲಿಲ್ಲ, ಬಾಯ್ಲರ್ ಒಡೆದ ಸದ್ದು ಅನ್ನುತ್ತಿದ್ದರು. ಆದರೂ ಎಲ್ಲಿಂದಲೋ ಒಂದು ಕಂಪನಿಯವರು ಬಂದು, ಅವರನ್ನು ದೊಡ್ಡ ಊರಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿ, ‘ಮೂರನೇ ಪಾಳಿ’ ಎಂಬ ಎಂಟು ಹಾಡಿನ ತಟ್ಟೆ ಮಾಡಿಸಿದ್ದರು. ನಮ್ಮೂರಿಗೆ ಬಂದದ್ದು ಹನ್ನೊಂದೇ ತಟ್ಟೆ.

“ಮೇಷ್ಟ್ರೇ, ನಮ್ ತಟ್ಟೇನ ತೊಳ್ದು ಹೊಸ್ದು ಮಾಡಿ ಕಳ್ಸವ್ರೆ,” ಅಂದ ಚೌರಪ್ಪ. “ರೀಮಾಸ್ಟರ್ ಅಂತೆ. ಭಾನುವಾರ ಹಳೇ ಮಿಲ್ಲಿನೋರೆಲ್ಲ ಕ್ಲಬ್ಬಲ್ಲಿ ಸೇರ್ತಾವ್ರೆ, ಅಲ್ಲಿ ಹಾಕೋಣ ಅಂತ. ಧನು ಜಾಗ ಖಾಲಿ ಇರ್ತದೆ, ಗೊತ್ತು. ಅದ್ನ ನಾವೇ ಹಾಡ್ಕೋತೀವಿ. ದಾರ ಬಿದ್ದಿರೋ ದನಿ ಅಲ್ವಾ, ನಿಮ್ ಮಾತಿಲ್ದೆ ಹಾಕೋಹಂಗಿಲ್ಲ. ಒಂದ್ಸಲ ಕೇಳಿ ಹೂಂ ಅಂದ್ಬಿಡಿ.” ಹೇಳುವಾಗ ಅವನ ಕಣ್ಣು ತುಂಬಿತ್ತು. ಧನಂಜಯನ ಕರ್ಮಾಂತರದಲ್ಲಿ ಊಟ ಬಡಿಸಿದವನು ಅವನು.

ಗುರುವಾರ ನಾನು ಕೇಳಲು ಕೂತದ್ದು ಸುಮ್ಮನೆ ಶಾಸ್ತ್ರಕ್ಕೆ. ಹಾಕಿದ ತಕ್ಷಣವೇ ಒಂಥರಾ ಆಯಿತು. ಅಷ್ಟು ಶುಚಿಯಾದ ಸದ್ದನ್ನು ನನ್ನ ಕೋಣೆ ಕೇಳಿರಲಿಲ್ಲ. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವುದು ಕೇಳಿಸುತ್ತಿತ್ತು, ಚೌರಪ್ಪ ಕೂತ ಸ್ಟೂಲು ಕಿರುಗುಟ್ಟುವುದು ಕೇಳಿಸುತ್ತಿತ್ತು. ಮೊದಲ ಹಾಡಿನಲ್ಲಿ ಎರಡು ನಿಮಿಷ ಬರೀ ವಾದ್ಯ. ಅದಾದ ಮೇಲೆ ಬರಬೇಕಾದದ್ದು ಖಾಲಿ ಜಾಗ. ಆ ಜಾಗ ಬಂತು, ಅಲ್ಲಿ ಯಾರೋ ಉಸಿರು ಎಳೆದುಕೊಂಡರು. ಆಮೇಲೆ ಪಾಳಿ ಮುಗಿಸಿ ಬಂದವನ ಕಣ್ಣಿಗೆ ಬಿಸಿಲು ಚುಚ್ಚುವುದನ್ನು ಕುರಿತು ಧನಂಜಯ ಗಂಟಲು ಬಿಚ್ಚಿ ಹಾಡಿದ.

ಬೇರೆ ಯಾರನ್ನೋ ಕರೆಸಿ ಹಾಡಿಸಿರಬೇಕು ಎಂದು ಮೊದಲು ಅಂದುಕೊಂಡೆ. ಆದರೆ ಆ ದನಿ ನನಗೆ ಗೊತ್ತು. ಸಾಲಿನ ಕೊನೆಗೆ ಬಂದಾಗ ಸ್ವಲ್ಪ ಒಡೆಯುವ ದನಿ ಅದು, ಮಿಲ್ಲಿನ ಕ್ಯಾಂಟೀನಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಆಮೇಲೆ ಸಿಡಿಯ ಜೊತೆಗಿದ್ದ ಪುಟ್ಟ ಪುಸ್ತಕ ತೆರೆದೆ. ಕೊನೆಯ ಪುಟದಲ್ಲಿ ಸ್ಟುಡಿಯೋದವರು ನಾಲ್ಕು ಸಾಲು ಬರೆದಿದ್ದರು. ಹಳೆಯ ತಟ್ಟೆಯಲ್ಲಿ ಹಾಡುಗಾರನ ದನಿ ಪೂರ್ತಿ ಎಡಗಡೆಗೇ ಇತ್ತು, ಗಿಟಾರು ಡ್ರಮ್ಮು ಬಲಗಡೆಗೆ. ಆ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಈ ಸಲ ಹಾಡುಗಾರನನ್ನು ನಡುವೆ ತಂದು ಎರಡೂ ಕಡೆ ಕೇಳಿಸುವಂತೆ ಮಾಡಿದ್ದೇವೆ.

ಈಗ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮರುವರ್ಷ ನನಗೆ ಮಂಗನಬಾವು ಬಂದಿತ್ತು. ಬಾವು ಇಳಿಯಿತು, ಎಡಗಿವಿ ಹೋಯಿತು. ಅರ್ಧ ಕಿವಿಯವನನ್ನು ಕೇಳುವ ಕೆಲಸದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಬಾಯಿ ಮುಚ್ಚಿಕೊಂಡಿದ್ದೆ. ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ, ಯಾಕೆಂದರೆ ಜನ ತರುತ್ತಿದ್ದದ್ದೆಲ್ಲ ಮನೆಯಲ್ಲಿ ಒಂದೇ ಮೈಕಿನಲ್ಲಿ ತುಂಬಿಸಿದ ಟೇಪುಗಳು, ಎರಡೂ ಕಿವಿಗೆ ಒಂದೇ ಸದ್ದು ಬರುವಂಥವು. ಮನೆಯಲ್ಲಿ ಯಾರಾದರೂ ಎಡಗಡೆಯಿಂದ ಮಾತಾಡಿಸಿ ನಾನು ಉತ್ತರ ಕೊಡದಿದ್ದರೆ, ಪಾಪ, ದಿನವಿಡೀ ಕೇಳಿ ದಣಿದ ಕಿವಿ ಎಂದು ಅವರೇ ಸಮಾಧಾನ ಮಾಡಿಕೊಳ್ಳುತ್ತಿದ್ದರು. ನಾನೂ ದಣಿದವನ ಮುಖ ಮಾಡುತ್ತಿದ್ದೆ.

ಆ ಹನ್ನೊಂದು ತಟ್ಟೆಗಳಲ್ಲಿ ಕೋಣೆಗೆಂದು ಇಟ್ಟುಕೊಂಡಿದ್ದ ಒಂದು ಬೀರುವಿನಲ್ಲಿತ್ತು. ದಾರ ಬಿಚ್ಚಿ ತಟ್ಟೆಯನ್ನು ಹಾಕಿದೆ. ಹೆಡ್‌ಫೋನನ್ನು ಯಾವಾಗಲೂ ಹಾಕಿಕೊಳ್ಳುವ ಹಾಗೆ ಹಾಕಿಕೊಂಡೆ. ಗಿಟಾರು, ಡ್ರಮ್ಮು, ಖಾಲಿ ಜಾಗ. ಮೂವತ್ತು ವರ್ಷದ ಹಿಂದೆ ಕೇಳಿದ್ದೇ. ಮುಳ್ಳನ್ನು ಮತ್ತೆ ಮೊದಲಿಗೆ ತಂದೆ. ಹೆಡ್‌ಫೋನನ್ನು ಹಿಂದುಮುಂದು ಮಾಡಿ, ಎಡಗಡೆಯದನ್ನು ಬಲಗಿವಿಗೆ ಒತ್ತಿಕೊಂಡೆ. ಧನಂಜಯ ಹಾಡುತ್ತಿದ್ದ. ಈ ತಟ್ಟೆಯೊಳಗೆ, ದಾರದ ಕೆಳಗೆ, ಇಷ್ಟು ವರ್ಷವೂ ಅವನು ಹಾಡುತ್ತಲೇ ಇದ್ದ. ನಾನು ಅಲ್ಲೇ ನೆಲದ ಮೇಲೆ, ಚೆಲ್ಲಿದ ಕಾಫಿಯಲ್ಲೇ ಕೂತುಬಿಟ್ಟೆ.

ಕಾಂಚನ ಆ ತಟ್ಟೆ ತಂದ ದಿನ ನನಗೆ ನಿನ್ನೆಯಂತೆ ನೆನಪಿದೆ. ಧನಂಜಯ ಬೇರೆ ಕೆಲಸ ಹುಡುಕುತ್ತೇನೆಂದು ಹೋಗಿ ಏಳು ವರ್ಷವಾಗಿತ್ತು, ಒಂದು ಕಾಗದವಿರಲಿಲ್ಲ. ಅವಳು ಮಿಲ್ಲಿನ ಎಣಿಕೆ ವಿಭಾಗದಲ್ಲಿ ಹಾಳೆ ಎಣಿಸುತ್ತಿದ್ದಳು. ಹಾಳೆಗಳ ಅಂಚನ್ನು ಬೀಸಣಿಗೆ ಬಿಡಿಸಿದಂತೆ ಬಿಡಿಸಿ, ಬೆರಳಾಡಿಸಿ, ಮುಖ ಎತ್ತದೆ ಐನೂರು ಅನ್ನುತ್ತಿದ್ದಳು. ಚೀಟಿಯ ಕಾಗದ ತರುವ ನೆಪದಲ್ಲಿ ನಾನು ಬೇಕಾದ್ದಕ್ಕಿಂತ ಹೆಚ್ಚು ಸಲ ಅಲ್ಲಿಗೆ ಹೋಗುತ್ತಿದ್ದೆ. ಅವಳ ಮೇಲೆ ನನಗೆ ಮನಸ್ಸಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಅದಕ್ಕೇ ಅವತ್ತು ಬಾಗಿಲು ಹಾಕಿಕೊಂಡಾಗ ಅವನು ಇರಲಿ ದೇವರೇ ಎಂದು ಬೇಡಿಕೊಂಡಿದ್ದೆ. ನನ್ನ ಆಸೆಯ ಬಗ್ಗೆ ನನಗೇ ಭಯವಿತ್ತು. ಎಂಟು ಹಾಡನ್ನೂ ಎರಡೆರಡು ಸಲ ಕೇಳಿ, ಹೊರಗೆ ಬಂದು, ಇಲ್ಲಮ್ಮ ಎಂದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಹನ್ನೊಂದು ತಟ್ಟೆಗೂ ದಾರ ಬಿತ್ತು. ಎರಡು ವರ್ಷದ ಮೇಲೆ ನಮ್ಮ ಮದುವೆಯಾಯಿತು. ಈಗ ಭಾನುವಾರ ಈ ಸಿಡಿ ಹಾಕಿದರೆ ಊರೇ ಕೇಳುತ್ತದೆ, ಕೇಳಿ ಏನನ್ನುತ್ತದೆಂದು ನನಗೆ ಗೊತ್ತಿತ್ತು. ಊರು ಏನಾದರೂ ಅನ್ನಲಿ. ಕಾಂಚನ ಏನನ್ನುತ್ತಾಳೆ?

ಮಧ್ಯಾಹ್ನಕ್ಕೇ ಮನೆಗೆ ಹೋದೆ. ಅವಳು ಹಿತ್ತಿಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಸಿಡಿಯಲ್ಲಿ ಧನಂಜಯ ಹಾಡ್ತಿದಾನೆ,” ಅಂದೆ.

“ಹೂಂ,” ಅಂದಳು. ಕೈ ನಿಲ್ಲಲಿಲ್ಲ.

“ಬದುಕಿದಾನೆ ಕಾಂಚನಾ.”

“ಗೊತ್ತು.”

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವಳು ಸಿಪ್ಪೆಯನ್ನು ಒಂದು ಕಡೆ ಒತ್ತರಿಸಿ, ಎಷ್ಟೋ ದಿನದಿಂದ ಹೇಳಬೇಕೆಂದಿದ್ದವಳಂತೆ ಮಾತಾಡಿದಳು.

“ಅವತ್ತು ಬೆಳಿಗ್ಗೆ ಮನೇಲಿ ಹಾಕಿ ಕೇಳೇ ಬಂದಿದ್ದೆ. ಚೆನ್ನಾಗೇ ಹಾಡ್ತಿದ್ದ. ಇದಾನೆ ಅಂತ ನಿಮ್ಮ ಕೈಲಿ ಬರೆಸ್ಕೊಂಡು ಹೋಗಿ, ಅವನ ಅಣ್ಣನ ಮುಂದೆ ಹಿಡಿದು, ಹುಡುಕ್ಕೊಂಡು ಬನ್ನಿ ಅನ್ನೋಣ ಅಂತ. ನೀವು ಆಚೆ ಬಂದು ಇಲ್ಲ ಅಂದ್ರಿ. ಮನೆಗೆ ಹೋಗಿ ದಾರ ಬಿಚ್ಚಿ ಮತ್ತೆ ಹಾಕ್ದೆ. ಆಗ್ಲೂ ಹಾಡ್ತಿದ್ದ. ಆಗ ಅರ್ಥ ಆಯ್ತು ನಂಗೆ. ಕಾಗದ ತಗೊಳ್ಳೋಕೆ ಅಂತ ಬಂದು ನೀವು ಎಲ್ಲಿ ನೋಡ್ತಿದ್ರಿ ಅನ್ನೋದು ನಂಗೆ ಕಾಣ್ತಿರ್ಲಿಲ್ವಾ? ನನಗೋಸ್ಕರ ಈ ಮನುಷ್ಯ ಪ್ರಮಾಣ ಮುರಿದ್ರಲ್ಲ ಅನ್ನಿಸ್ತು. ಏಳು ವರ್ಷಕ್ಕೆ ಒಂದು ಕಾಗದ ಬರೀದೋನಿಗೆ ಇನ್ನೆಷ್ಟು ದಿನ ಕಾಯೋದು? ನೀವು ಕೇಳಿದಾಗ ಹೂಂ ಅಂದೆ. ಆ ಸುಳ್ಳು ನೋಡೇ ಹೂಂ ಅಂದಿದ್ದು.”

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಅವಳ ಮುಖದಲ್ಲಿ ಒಂದು ಬಗೆಯ ನಾಚಿಕೆಯಿತ್ತು, ಅರವತ್ತರ ಹೆಂಗಸಿನ ಮುಖದಲ್ಲಿ ನಾನು ನಿರೀಕ್ಷಿಸಿರದ ನಾಚಿಕೆ. ಆದರೆ ಮೂವತ್ತೈದು ವರ್ಷದ ಚಾಳಿ, ಕೇಳಿಸದ್ದನ್ನು ಕೇಳಿಸಲಿಲ್ಲ ಎಂದೇ ಹೇಳುವ ಬಾಯಿ ನನ್ನದು.

“ನಾನು ಸುಳ್ಳು ಹೇಳಿರಲಿಲ್ಲ. ನನ್ನ ಎಡಗಿವಿ ಕೇಳಿಸಲ್ಲ. ಅವನ ದನಿ ಎಡಗಡೆ ಇತ್ತು.”

ಅವಳ ಮಡಿಲಿನ ಕಾಳೆಲ್ಲ ಜಾರಿ ನೆಲದ ಮೇಲೆ ಚೆಲ್ಲಿತು. ನನ್ನನ್ನು ಹೊಸಬನೊಬ್ಬನನ್ನು ನೋಡುವಂತೆ ನೋಡಿದಳು.

“ಅಂದ್ರೆ ಬರೀ ಕಿವುಡು,” ಅಂದಳು. “ಅಷ್ಟೇನಾ?”

“ಅಷ್ಟೇ.”

“ಜಗಲಿ ಮೇಲೆ ನಿಮ್ಮ ಎಡಗಡೆ ಕೂತು ದಿನಾ ಸಂಜೆ ನಾನು ಹೇಳ್ತಿದ್ದದ್ದೆಲ್ಲ?”

“ತುಟಿ ನೋಡಿ ಅರ್ಧ. ಮಿಕ್ಕಿದ್ದು ಊಹೆ.”

“ನಿಮ್ಮಮ್ಮ ತೀರ್ಕೊಂಡ ವರ್ಷ ನಾನು ಹೇಳಿದ್ದು?”

“ಏನು ಹೇಳಿದ್ದೆ?”

ಅವಳು ಬಗ್ಗಿ ಕಾಳು ಆಯ್ದುಕೊಳ್ಳತೊಡಗಿದಳು, ಮಿಲ್ಲಿನಲ್ಲಿ ಹಾಳೆ ಎಣಿಸುವಾಗಿನ ಹಾಗೆ ಮುಖ ಎತ್ತದೆ. ನಾನೂ ಬಗ್ಗಲು ಹೋದೆ, ಕೈಯಿಂದಲೇ ಬೇಡವೆಂದಳು.

ಶುಕ್ರವಾರ ಇಡೀ ದಿನ ಮಾತಿಲ್ಲ. ಊಟದ ತಟ್ಟೆ ಮುಂದಿಟ್ಟು ಹೋಗುತ್ತಿದ್ದಳು. ಸಂಜೆ ಜಗಲಿಗೆ ಬರಲಿಲ್ಲ. ನನ್ನ ಎಡಗಡೆಯ ಜಾಗ ಖಾಲಿ ಇತ್ತು, ಅಲ್ಲಿ ಅವಳ ಚಾಪೆ ಸುತ್ತಿಟ್ಟಿತ್ತು. ಇಪ್ಪತ್ತೆಂಟು ವರ್ಷ ಅವಳು ಅಲ್ಲಿ ಕೂತು ಮಾತಾಡುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಈ ಕಡೆ ಬಾ ಅಂದಿದ್ದರೆ ಮುಗಿಯುತ್ತಿತ್ತು. ಹಾಗಂದರೆ ಕಿವಿಯ ಗುಟ್ಟು ಬಿಟ್ಟುಕೊಡಬೇಕಿತ್ತು, ಅದಕ್ಕೆ ಅಂದಿರಲಿಲ್ಲ. ಎಂಥ ಮೂರ್ಖ ನಾನು ಎಂದು ನನಗೆ ಮೊದಲ ಸಲ ಅನ್ನಿಸಿತು, ಅನ್ನಿಸಿದ್ದು ಬಹಳ ತಡವಾಗಿ.

ಶನಿವಾರ ಕೋಣೆಗೆ ಹೋಗಿ ರಿಜಿಸ್ಟರು ತೆಗೆದು ಒಂದೊಂದೇ ಪುಟ ನೋಡಿದೆ. ನಾನು ಇಲ್ಲ ಎಂದ ಹೆಸರುಗಳು ನಾನೂರ ಹದಿನಾರು. ಒಂದೊಂದರ ಮುಂದೂ ಎಂಥ ಟೇಪು ಎಂದು ಬರೆದಿತ್ತು. ಎರಡು ಕಿವಿಗೂ ಬೇರೆಬೇರೆ ಸದ್ದು ಬರುವಂಥದ್ದು ಆ ತಟ್ಟೆಯೊಂದೇ. ಸಮಾಧಾನವಾಯಿತು, ಆದರೆ ಆ ಸಮಾಧಾನ ನನ್ನೊಬ್ಬನದು. ಮನೆಗೆ ಬಂದು, ನಾಳೆ ಸಭೆಯಲ್ಲಿ ಎದ್ದು ನಿಂತು ಕಿವಿಯ ವಿಷಯ ಹೇಳಿಬಿಡುತ್ತೇನೆ ಎಂದೆ. ಕಾಂಚನ ಎರಡು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

“ಪಕ್ಕದ್ಮನೆ ಹೊನ್ನಮ್ಮ ಮಗನ ಕ್ಯಾಸೆಟ್ಟಿಗೆ ದಾರ ಕಟ್ಟಿಸ್ಕೊಂಡು ಹನ್ನೆರಡು ವರ್ಷ ಆಯ್ತು,” ಅಂದಳು. “ಹೋದ ವರ್ಷದಿಂದ ಸ್ವಲ್ಪ ನಗ್ತಾಳೆ. ನಾಳೆ ನೀವು ಕಿವುಡು ಅಂದ ಕೂಡ್ಲೇ ಓಡಿ ಹೋಗಿ ದಾರ ಬಿಚ್ತಾಳೆ. ಕೇಳ್ತಾಳೆ. ಅವನಿರಲ್ಲ. ಇನ್ನೊಂದ್ಸಲ ಅವನನ್ನ ಕಳ್ಕೋತಾಳೆ. ನಾನೂರು ಮನೇಲೂ ಇದೇ ಆಗುತ್ತೆ.”

“ಮತ್ತೇನು ಹೇಳಲಿ?”

“ನಂಗೇನು ಗೊತ್ತು. ಕೇಳೋ ಮೇಷ್ಟ್ರು ನೀವು.” ಎದ್ದು ಒಳಗೆ ಹೋದಳು.

ಭಾನುವಾರ ಹನ್ನೊಂದಕ್ಕೆ ಕ್ಲಬ್ಬಿನ ಹಾಲ್ ಜನರಿಂದ ತುಂಬಿತ್ತು. ನಿವೃತ್ತರಾದ ಮಿಲ್ಲಿನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕೆಲವರು ಹಳೆಯ ನೋಟುಬುಕ್ಕಿನಲ್ಲಿ ಹಾಡಿನ ಸಾಲು ಬರೆದುಕೊಂಡು ತಂದಿದ್ದರು, ಖಾಲಿ ಜಾಗ ಬಂದಾಗ ಹಾಡಲೆಂದು. ಹೊನ್ನಮ್ಮ ಮೊಮ್ಮಗಳ ಜೊತೆ ಎರಡನೇ ಸಾಲಿನಲ್ಲಿದ್ದಳು. ಕಾಂಚನ ಹಿಂದೆ, ಬಾಗಿಲ ಹತ್ತಿರ, ಎದ್ದು ಹೋಗುವವಳಂತೆ ಅಂಚಿಗೆ ಕೂತಿದ್ದಳು. ಅವಳು ಎದ್ದು ಹೋದರೆ ತಿರುಗಿ ನನ್ನ ಮನೆಗೆ ಬರುವುದಿಲ್ಲವೆಂದು ನನಗೆ ಖಚಿತವಿತ್ತು.

ಚೌರಪ್ಪ ಸಿಡಿ ತೆಗೆದು ನನ್ನ ಕಡೆ ನೋಡಿದ. ನಾನು ಎದ್ದು ನಿಂತೆ. ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದದ್ದು ಕಿವಿಯ ವಿಷಯ. ಹೊನ್ನಮ್ಮನ ಮುಖ ಕಂಡಿತು. ಆಮೇಲೆ ನನ್ನ ಬಾಯಿಂದ ಬಂದದ್ದು ಬೇರೆ.

“ಇದರಲ್ಲಿ ಧನಂಜಯ ಹಾಡ್ತಾನೆ,” ಎಂದೆ. “ಮೂವತ್ತು ವರ್ಷದ ಹಿಂದೇನೂ ಹಾಡ್ತಿದ್ದ. ನನಗೆ ಚೆನ್ನಾಗಿ ಕೇಳಿಸಿತ್ತು. ಕಾಂಚನಳ ಮೇಲೆ ನನಗೆ ಆಸೆ ಇತ್ತು. ಅದಕ್ಕೆ ಇಲ್ಲ ಅಂತ ಬರೆದೆ. ಅದೊಂದು ಚೀಟಿ ಬಿಟ್ಟು ಬೇರೆ ಯಾವುದರಲ್ಲೂ ನಾನು ತಪ್ಪು ಬರೆದಿಲ್ಲ.”

ಚೌರಪ್ಪ ಸಿಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ನಾಲ್ಕು ಹೆಜ್ಜೆ ನಡೆದು ಬಂದು, ಡ್ರಮ್ ಬಾರಿಸಿದ ಆ ಕೈಯಿಂದ ನನ್ನ ಕೆನ್ನೆಗೆ ಬಾರಿಸಿದ. ಏಟು ಬಿದ್ದದ್ದು ಎಡಗಡೆಗೆ, ಕಿವಿಯ ಮೇಲೇ. ಅದರ ಸದ್ದಿಗೆ ಹಿಂದಿನ ಸಾಲಿನವರು ಬೆಚ್ಚಿದ್ದನ್ನು ಕಂಡೆ. ನನಗೆ ಉರಿಯಷ್ಟೇ ಗೊತ್ತಾಯಿತು.

“ನನ್ ಗೆಳೆಯನ ಕರ್ಮಾಂತರ ಮಾಡ್ಸಿದ್ಯಲ್ಲೋ,” ಅಂದ. ಅವನು ಅಳುತ್ತಿದ್ದ. ಪುರಸಭೆಯ ಅಧ್ಯಕ್ಷರು ಬಂದು ಕೈ ಚಾಚಿದರು. ಕೋಣೆಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ಅವರ ಅಂಗೈಯಲ್ಲಿಟ್ಟೆ. ಹೊನ್ನಮ್ಮ ನನ್ನನ್ನು ನೋಡಿ ಥೂ ಎಂದಳು, ಎಂದು ಮೊಮ್ಮಗಳ ಜಡೆ ಸರಿಮಾಡಿದಳು. ದಾರ ಬಿಚ್ಚಲು ಯಾರೂ ಮನೆಗೆ ಓಡಲಿಲ್ಲ. ನಾನು ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಕಡೆ ಹೋದರು.

ಚೌರಪ್ಪ ಕಣ್ಣೊರೆಸಿಕೊಂಡು ಸಿಡಿ ಹಾಕಿದ. ಗಿಟಾರು ಬಂತು, ಅವನದೇ ಡ್ರಮ್ಮು ಬಂತು. ನಾನು ಹಿಂದೆ ತಿರುಗಿ ನೋಡಿದೆ. ಬಾಗಿಲ ಹ‌ತ್ತಿರದ ಕುರ್ಚಿ ಖಾಲಿಯಾಗಿತ್ತು. ಹೋದಳು, ಮುಗಿಯಿತು ಎಂದುಕೊಂಡು ಮುಖ ಕೆಳಗೆ ಹಾಕಿದೆ. ಎರಡು ನಿಮಿಷದ ವಾದ್ಯ ಮುಗಿದು ಧನಂಜಯ ಉಸಿರು ಎಳೆದುಕೊಂಡದ್ದು ಇಡೀ ಹಾಲಿಗೆ ಕೇಳಿಸಿತು. ಹಾಡಲೆಂದು ನೋಟುಬುಕ್ಕು ತೆರೆದವರು ತೆರೆದ ಬಾಯಿ ಮುಚ್ಚದೆ ಕೂತರು. ಅವನು ಹಾಡಿದ, ಬಿಸಿಲು ಕಣ್ಣಿಗೆ ಚುಚ್ಚಿದ್ದನ್ನು.

ಯಾರೋ ಬಂದು ನನ್ನ ಪಕ್ಕ ಕೂತರು. ಸೀರೆಯ ಅಂಚು ಕಂಡಿತು. ಎಡಗಡೆಯ ಕುರ್ಚಿ ಹತ್ತಿರವಿತ್ತು, ಖಾಲಿಯೂ ಇತ್ತು. ಕಾಂಚನ ಅದನ್ನು ಬಿಟ್ಟು ನನ್ನ ಮುಂದಿನಿಂದ ಸುತ್ತಿಬಂದು ಬಲಗಡೆಗೆ ಕುರ್ಚಿ ಎಳೆದುಕೊಂಡಿದ್ದಳು. ಮೊದಲ ಹಾಡು ಮುಗಿಯುವ ತನಕ ನನ್ನ ಕಡೆ ನೋಡಲಿಲ್ಲ. ಎರಡನೆಯದು ಶುರುವಾದಾಗ ನನ್ನ ಕಡೆ ವಾಲಿದಳು.

“ಇವ್ನು ಯಾವಾಗ್ಲೂ ಸ್ವಲ್ಪ ಶ್ರುತಿ ಬಿಟ್ಟೇ ಹಾಡ್ತಿದ್ದ,” ಅಂದಳು.

ನನಗೆ ಸ್ಪಷ್ಟವಾಗಿ ಕೇಳಿಸಿತು.